ಸುಮನಕ್ಕನ ಓವನ್ನಿನ ದೀಪ

ಹಾರೂಗೇರಿಯ ಉಳಿದ ಬೇಕರಿಗಳಲ್ಲಿ ಭಟ್ಟಿ ಹಿಂದಿನ ಕೋಣೆಯಲ್ಲಿರುತ್ತಿತ್ತು. ಗಿರಾಕಿಗೆ ಕಾಣುತ್ತಿದ್ದದ್ದು ಮುಂದಿನ ಗಾಜಿನ ಕಪಾಟು ಮಾತ್ರ. ಸುಮನಕ್ಕ ತನ್ನ ಓವನ್ ತಂದು ಇಳಿಸಿದ ದಿನವೇ ಅದರ ಬಾಗಿಲು ರಸ್ತೆಯ ಕಡೆಗೆ ಬರುವಂತೆ ನಿಲ್ಲಿಸಿದಳು. ಬಾಗಿಲಿಗೆ ಅಗಲವಾದ ಗಾಜು, ಒಳಗೆ ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಬಲ್ಬು. ಅದು ಹೊತ್ತಿಕೊಂಡಿತೆಂದರೆ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತವರಿಗೂ ಪಾವು ಉಬ್ಬುವುದು, ಕೆಂಪಗಾಗುವುದು ಕಾಣುತ್ತಿತ್ತು. ಓವನ್ ಬಿಸಿಯಿದ್ದಷ್ಟು ಹೊತ್ತೂ ಆ ದೀಪ ಉರಿಯಲೇಬೇಕು ಎಂಬುದು ಅವಳ ಹಟ.

ಅವಳ ಬೇಕರಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಒಂದೇ ಗೋಡೆ. ಎತ್ತರದ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಗೆ ಬಿಳಿ ಬಟ್ಟೆ ಕಟ್ಟಿ, ಹಿಟ್ಟು ನಾದಲು ನಿಂತರೆ ಮೇಜು ನಡುಗುತ್ತಿತ್ತು. ಹುಟ್ಟಿದ್ದು ನಿಪ್ಪಾಣಿಯಲ್ಲಿ. ಮದುವೆಗೆ ಮುಂಚೆ ಅಲ್ಲಿನ ಒಂದು ಬೇಕರಿಯಲ್ಲಿ ಬ್ರೆಡ್ಡಿಗೆ ಕಾಗದ ಸುತ್ತುವ ಕೆಲಸಕ್ಕೆ ಸೇರಿ, ನೋಡಿ ನೋಡಿ ಉಳಿದದ್ದನ್ನೂ ಕಲಿತವಳು. ಗಂಡ ಭೀಮರಾವ್ ಬಸ್ ಕಂಡಕ್ಟರು. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ಸಿಟ್ಟು ಬಂದರೆ ಎರಡೂ ಒಟ್ಟಿಗೆ ಬರುತ್ತಿದ್ದವು.

ಅವರು ದಲಿತರು, ಬೌದ್ಧರಾದವರು. ಅಂಗಡಿಯ ಬೋರ್ಡಿನ ಮೇಲೆ ಸುಮನಕ್ಕ ತನ್ನ ಮನೆತನದ ಅಡ್ಡಹೆಸರನ್ನು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಸಿದ್ದಳು. ಅದನ್ನು ಓದಿ, ಜಾತಿ ತಿಳಿದು, ಮೆಟ್ಟಿಲಿನಿಂದಲೇ ತಿರುಗಿ ಹೋಗುವವರಿದ್ದರು. ಒಮ್ಮೆ ನಾನೇ ಕೇಳಿದೆ, "ಅಕ್ಕಾ, ಬರೇ ಬೇಕರಿ ಅಂತ ಬರಸಿದ್ರ ನಡೀತಿರಲಿಲ್ಲೇನ?"

"ಬಘ ಗ ಮಾದೇವಿ," ಅಂದಳು. ಬುದ್ಧಿ ಹೇಳುವಾಗ ಅವಳ ಮಾತು ಶುರುವಾಗುತ್ತಿದ್ದದ್ದೇ ಹೀಗೆ, ಮರಾಠಿಯ 'ನೋಡೇ'ಯಿಂದ. "ನಾ ಯಾರ ಅಂತ ಗೊತ್ತಿರಲಿ, ನಾ ಏನ ಮಾಡಾಕತ್ತೀನಿ ಅನ್ನೂದೂ ಕಾಣಲಿ. ಹಿಟ್ಟು ಕಲಸೂದ್ರಿಂದ ಹಿಡದು ಪಾವ್ ಹೊರಗ ಬರೂತನಕ ನೋಡಲಿ. ನೋಡಿದ ಮ್ಯಾಲ ತಿನ್ನೂದು ಬಿಡೂದು ಅವರಿಗೆ ಬಿಟ್ಟದ್ದು."

ತಿರುಗಿ ಹೋಗುವವರಲ್ಲಿ ನಮ್ಮ ಅತ್ತೆಯೂ ಇದ್ದರು. ಯಡೂರಿನಿಂದ ನಾನು ಸೊಸೆಯಾಗಿ ಬಂದ ಮನೆಯಲ್ಲಿ ಅವರ ಮಾತೇ ಮಾತು. "ಬಾಜೂ ಅಂಗಡ್ಯಾಕಿ ಜೋಡಿ ಮಾತಾಡು, ಬ್ಯಾಡ ಅನ್ನಂಗಿಲ್ಲ. ಅಲ್ಲಿ ತಿಂದು ಮನಿಗೆ ಬರಬ್ಯಾಡ," ಎಂದಿದ್ದರು. ನಾನು ದಿನಾ ತಿನ್ನುತ್ತಿದ್ದೆ. ಖಾರಿ ಬಿಸ್ಕೀಟಿನ ಚೂರು ಕೊಡವಿಕೊಂಡು ಮನೆಗೆ ಹೋಗುತ್ತಿದ್ದೆ.

ಇಂಥ ಸುಮನಕ್ಕನನ್ನು ಆ ಬಲ್ಬು ಕಾಡತೊಡಗಿತು. ಹಾಕಿದ ಕೆಲವೇ ದಿನಕ್ಕೆ ಸುಟ್ಟುಹೋಗುವುದು, ಹೊಸದು ಹಾಕುವುದು, ಅದೂ ಸುಡುವುದು. ದೀಪ ಹೋದರೆ ಬಾಗಿಲಿನ ಗಾಜು ಕರಿ ಹಲಗೆಯಂತಾಗುತ್ತಿತ್ತು. ಹೊರಗೆ ನಿಂತು ನೋಡುತ್ತಿದ್ದವರು ಚದುರಿ ಹೋಗುತ್ತಿದ್ದರು. ಒಳಗಿನ ಬಣ್ಣ ಕಾಣದೆ ಸುಮನಕ್ಕ ಮತ್ತೆ ಮತ್ತೆ ಬಾಗಿಲು ತೆಗೆಯಬೇಕು. ತೆಗೆದಾಗಲೆಲ್ಲ ಕಾವು ಹೊರಗೆ ಹೋಗಿ ಅರ್ಧ ಬೆಂದ ಪಾವು ಕುಸಿಯುತ್ತಿತ್ತು.

"ಬಲ್ಬಿಲ್ಲದ ಭಟ್ಟ್ಯಾಗ ನಮ್ಮ ಅಜ್ಜಾರ ಕಾಲದಾಗ ಬ್ರೆಡ್ ಬೇಯ್ತಿರಲಿಲ್ಲೇನ?" ಎಂದು ಭೀಮರಾವ್ ನಗುತ್ತಿದ್ದ.

"ಬೇಯ್ತಿತ್ತು. ಆದ್ರ ಇದು ಯಾಕ ಸುಡ್ತೈತಿ ಅನ್ನೂದು ನನಗ ತಿಳೀಬೇಕು," ಅನ್ನುವಳು.

ಒಂದೊಂದೇ ಕಾರಣ ಹುಡುಕಿದಳು. ಮೊದಲು ತಿಳಿದದ್ದು, ಅವಳು ಹಾಕುತ್ತಿದ್ದದ್ದು ಮನೆಯ ದೇವರ ಗೂಡಿಗೆ ಹಾಕುವಂಥ ಸಾದಾ ಬಲ್ಬು ಎಂಬುದು. ಓವನ್ನಿನ ಕಾವು ತಡೆಯುವ ಬಲ್ಬು ಬೇರೆಯೇ ಇರುತ್ತದೆಂದು ಯಾರೋ ಹೇಳಿದ ಕೂಡಲೇ ಮಿರಜಿಗೆ ಹೋಗಿ ತಂದಳು. ಸ್ವಲ್ಪ ಹೆಚ್ಚು ದಿನ ಉರಿದು ಅದೂ ಹೋಯಿತು. ಆಮೇಲೆ ಬಲ್ಬಿನ ಮೇಲಿನ ಗಾಜಿನ ಮುಚ್ಚಳ ಸೀಳಿದ್ದು ಕಣ್ಣಿಗೆ ಬಿತ್ತು. ಒಳಗಿನ ಹಬೆ ನೇರ ಬಲ್ಬಿಗೆ ತಾಗುತ್ತಿತ್ತು. ಮುಚ್ಚಳ ಬದಲಾಯಿಸಿದಳು. ಅದಾದ ಮೇಲೆ ಕೆಲಸದ ಹೆಂಗಸು ಬಾಗಿಲನ್ನು ಧಡ್ ಎಂದು ಹಾಕಿದಾಗ ದೀಪ ಮಿಣುಕುವುದನ್ನು ಗಮನಿಸಿ, ಬಾಗಿಲನ್ನು ತಾನೇ ಮೆಲ್ಲಗೆ ಹಾಕತೊಡಗಿದಳು, ಮಲಗಿದ ಕೂಸಿನ ಕೋಣೆಯ ಬಾಗಿಲು ಮುಚ್ಚಿದ ಹಾಗೆ. ಕೊನೆಗೆ ಎಲೆಕ್ಟ್ರಿಷಿಯನ್ ಮೌಲಾಸಾಬ ಬಂದು ಹೋಲ್ಡರ್ ಬಿಚ್ಚಿ ತೋರಿಸಿದ: ಒಳಗಿನ ಲೋಹದ ಪತ್ತಿ ಕಪ್ಪಾಗಿ ಚಪ್ಪಟೆಯಾಗಿತ್ತು, ಬಲ್ಬಿಗೆ ಸರಿಯಾಗಿ ತಾಗುತ್ತಿರಲಿಲ್ಲ. ಹೊಸ ಹೋಲ್ಡರ್ ಕೂರಿಸಿದ.

ಪ್ರತಿ ಸಲವೂ ಅವಳ ಕ್ರಮ ಒಂದೇ. "ಮೇನ್ ಬಂದ್ ಮಾಡು. ಆರಲಿ. ಆಮ್ಯಾಲ ಕೈ ಹಾಕು." ಆ ಮೂರು ಮಾತನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಈಗಲೂ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಕೆಟ್ಟರೆ ನನ್ನ ಬಾಯಲ್ಲಿ ಅವೇ ಬರುತ್ತವೆ.

ಇಷ್ಟೆಲ್ಲ ಆದ ಮೇಲೂ ಬಲ್ಬು ಸುಡುವುದು ನಿಲ್ಲಲಿಲ್ಲ.

ಅದೇ ವೇಳೆಗೆ ಊರಿನ ಒಂದು ಶಾಲೆಯಿಂದ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಬನ್ನಿನ ಆರ್ಡರ್ ಬಂತು. ಎಲ್ಲ ಮಕ್ಕಳಿಗೂ, ನೋಡಲು ಬರುವ ತಂದೆತಾಯಿಗಳಿಗೂ ಬನ್ನು. ಅಂಥ ದೊಡ್ಡ ಆರ್ಡರ್ ಅವಳಿಗೆ ಅದೇ ಮೊದಲು. ಶಾಲೆಯ ಕಮಿಟಿಯಲ್ಲಿ ಒಬ್ಬರು, "ಅಕಿ ಕೈದು ಎಲ್ಲಾರೂ ತಿಂತಾರೇನ್ರಿ?" ಎಂದು ತಕರಾರು ತೆಗೆದರಂತೆ. ಹೆಡ್‌ಮಾಸ್ತರರು ಒಪ್ಪಲಿಲ್ಲ. ಮೊದಲು ಮಾದರಿಗೆ ಒಂದಿಷ್ಟು ಬನ್ ಕಳಿಸಿರಿ, ರುಚಿ ನೋಡಿಯೇ ತೀರ್ಮಾನಿಸೋಣ ಎಂದರಂತೆ. ಈ ಮಾತು ಸುಮನಕ್ಕನ ಕಿವಿಗೂ ಬಿತ್ತು. ಹಿಟ್ಟನ್ನು ಎಂದಿಗಿಂತ ಹೆಚ್ಚು ಹೊತ್ತು ನಾದಿದಳು.

ಮಾದರಿಯ ಬನ್ ಒಳಗಿದ್ದಾಗಲೇ ಬಲ್ಬು ಹೋಯಿತು. ಅಂದಾಜಿನ ಮೇಲೆ ಬಾಗಿಲು ತೆಗೆದು ನೋಡಿ ನೋಡಿ, ಹೊರಗೆ ಬಂದದ್ದು ನಡುವೆ ತಗ್ಗು ಬಿದ್ದ ಬನ್ನುಗಳು. ತಿನ್ನಲು ಅಡ್ಡಿಯಿರಲಿಲ್ಲ. ಕಳಿಸೋಣ ಅಂದೆ. ಸುಮನಕ್ಕ ತಟ್ಟೆಯನ್ನು ಒಳಗೆ ಸರಿಸಿಟ್ಟು, ಮೆಟ್ಟಿಲ ಮೇಲೆ ಕುಳಿತಳು. ಅವಳು ಕೆಲಸದ ಹೊತ್ತಿನಲ್ಲಿ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇವನ್ನ ಕೊಟ್ರ, ಬನ್ ಕೆಟ್ಟಿತ್ತು ಅಂತ ಅನ್ನಂಗಿಲ್ಲ ಮಾದೇವಿ. ಅಕಿ ಹಂಗ, ಅಕಿ ಮಂದಿನ ಹಂಗ ಅಂತಾರ," ಅಂದಳು. ಆಮೇಲೆ ಎದ್ದು, ಮಾಸ್ತರರಿಗೆ ಇನ್ನೊಂದೆರಡು ದಿನ ತಡೆಯಿರಿ ಎಂದು ಹೇಳಿ ಕಳಿಸಿದಳು.

ಮರುದಿನ ಮಧ್ಯಾಹ್ನ ನಾನು ಒಂದು ಜಂಪರಿನ, ಅಂದರೆ ರವಿಕೆಯ, ಕಂಕುಳು ಕೂಡಿಸುತ್ತಿದ್ದೆ. ನನ್ನ ಮಷಿನ್ನಿಗೆ ಮೋಟರ್ ಕೂರಿಸಿದ್ದೆ. ನಿಧಾನಕ್ಕೆ ಓಡುತ್ತಿದ್ದದ್ದು ಒಮ್ಮೆಲೇ ಹುಚ್ಚೆದ್ದಂತೆ ಓಡಿ, ಹೊಲಿಗೆ ಗೆರೆ ದಾಟಿ ಹೋಯಿತು. "ಯವ್ವಾ!" ಎಂದು ಕಾಲು ಎತ್ತಿದೆ. ಅದೇ ಗಳಿಗೆಗೆ ಗೋಡೆಯಾಚೆಯಿಂದ ಸುಮನಕ್ಕನ ಮರಾಠಿ ಬೆರೆತ ದನಿ: "ಕಾಯ ಹೇ! ಮತ್ತ ಹೋತು!"

ಇಬ್ಬರೂ ಒಟ್ಟಿಗೆ ಹೊರಗೆ ಬಂದೆವು.

"ನಿನಗೇನಾತು? ನೀ ಯಾಕ ಒದರಿದಿ?" ಅಂದಳು.

"ಮಷಿನ್ ಓಡಿಬಿಡ್ತು ಅಕ್ಕಾ. ದಿನಾ ಈ ಹೊತ್ತಿಗೆ ಹಿಂಗ ಮಾಡ್ತೈತಿ."

"ದಿನಾ ಈ ಹೊತ್ತಿಗೆ?"

ಅವಳು ಅಲುಗಾಡದೆ ನಿಂತಳು. ಆಮೇಲೆ ಕೈಯೆತ್ತಿ, "ಸುಮ್ಮನ ಕೇಳು," ಅಂದಳು. ನನಗೇನೂ ಕೇಳಿಸಲಿಲ್ಲ. "ಹೌದ, ಏನೂ ಇಲ್ಲ. ಹಿಂದಿನ ಹೊಲದಾಗ ಮುಂಜಾನಿಂದ ಪಂಪ್ ಗುಂಯ್ ಅಂತಿದ್ವು. ಈಗ ಎಲ್ಲಾ ನಿಂತಾವ!"

ನಮ್ಮ ಸಾಲಿನ ಅಂಗಡಿಗಳಿಗೂ ಹಿಂದಿನ ಕಬ್ಬಿನ ಹೊಲಗಳ ಪಂಪುಗಳಿಗೂ ಕರೆಂಟು ಬರುತ್ತಿದ್ದದ್ದು ಒಂದೇ ಟ್ರಾನ್ಸ್‌ಫಾರ್ಮರಿನಿಂದ. ಪಂಪುಗಳಿಗೆ ಬೇಕಾದ ತ್ರೀಫೇಸ್ ಕರೆಂಟನ್ನು ದಿನಾ ಮಧ್ಯಾಹ್ನ ಅದೇ ಹೊತ್ತಿಗೆ ತೆಗೆಯುತ್ತಿದ್ದರು. ಅಷ್ಟೂ ಪಂಪುಗಳು ಎಳೆಯುತ್ತಿದ್ದ ಕರೆಂಟು, ಅವು ಒಟ್ಟಿಗೆ ನಿಂತ ಕೂಡಲೇ, ನಮ್ಮ ತಂತಿಯಲ್ಲಿ ಉಕ್ಕುತ್ತಿತ್ತು. ಮರುದಿನ ಹೊಸ ಬಲ್ಬು ಹಾಕಿ, ಮೌಲಾಸಾಬನನ್ನು ಮೀಟರ್ ಸಮೇತ ಕರೆಸಿ, ಮೂವರೂ ಓವನ್ನಿನ ಮುಂದೆ ಕಾದು ನಿಂತೆವು. ಹಿಂದಿನ ಹೊಲದ ಸದ್ದು ಅಡಗಿತು. ಹಳದಿಯಾಗಿದ್ದ ದೀಪ ನಮ್ಮ ಕಣ್ಣೆದುರೇ ಬೆಳ್ಳಗಾಯಿತು.

"ಬರೋಬರ್ ಐತ್ರಿ ಅಕ್ಕಾರ," ಎಂದು ಮೌಲಾಸಾಬ ಮೀಟರಿನ ಮುಳ್ಳು ತೋರಿಸಿದ. "ವೋಲ್ಟೇಜ್ ಬಾಳ ಏರೇತಿ. ಬಲ್ಬಿನ ಲೈನಿಗೆ ಒಂದು ಸಣ್ಣ ಸ್ಟೆಬಿಲೈಸರ್ ಹಾಕಿದ್ರ ಮುಗೀತು."

ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಟಿವಿಯ ಸ್ಟೆಬಿಲೈಸರ್ ಇತ್ತು. ಹೊಸ ಟಿವಿ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಇಳಿಸಿ ಧೂಳು ಒರೆಸುತ್ತಿದ್ದಾಗ ಅತ್ತೆ ಕೇಳಿದರು, "ಯಾರಿಗದು?"

ಸುಳ್ಳು ಹೇಳಬಹುದಿತ್ತು. "ಸುಮನಕ್ಕಗ," ಅಂದೆ. ಇಡೀ ಕಥೆ ಹೇಳಿದೆ, ಕಮಿಟಿಯವರ ಮಾತನ್ನೂ ಸೇರಿಸಿ. ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ವಯರ್ ಸೀಳೇತಿ ನೋಡು, ಟೇಪ್ ಸುತ್ತಿ ಒಯ್ಯಿ," ಅಂದರು.

ಮೌಲಾಸಾಬ ಬಲ್ಬಿಗೆ ಬೇರೆ ವಯರ್ ಎಳೆದು ಆ ಡಬ್ಬಿಯ ಮೂಲಕ ಹಾಯಿಸಿದ. ಪಂಪುಗಳು ನಿಂತಾಗ ಡಬ್ಬಿ ಟಕ್ ಅನ್ನುತ್ತಿತ್ತು, ದೀಪ ಮಾತ್ರ ಹಳದಿಯಾಗಿಯೇ ಉರಿಯುತ್ತಿತ್ತು. ಸುಮನಕ್ಕ ಆ ದಿನ ಮಾದರಿಯ ಬನ್ ತಾನೇ ಹೊತ್ತುಕೊಂಡು ಶಾಲೆಗೆ ಹೋದಳು. ಆರ್ಡರ್ ಉಳಿಯಿತು. ಗ್ಯಾದರಿಂಗಿನ ದಿನ ಮಕ್ಕಳು, ತಂದೆತಾಯಿಗಳು, ಕಮಿಟಿಯವರು ಎಲ್ಲರ ಕೈಯಲ್ಲೂ ಅವಳ ಬನ್ ಇತ್ತು. ಕೆಲವರು ತಿನ್ನದೆ ಇಟ್ಟು ಹೋದದ್ದನ್ನೂ ನೋಡಿದೆ. ಸುಮನಕ್ಕ ಆ ಕಡೆ ತಿರುಗಿಯೂ ನೋಡಲಿಲ್ಲ. ಎರಡನೆಯದು ಬೇಕೆಂದು ಕೈ ಚಾಚಿದ ಮಕ್ಕಳಿಗೆ ಹಂಚುವುದರಲ್ಲಿದ್ದಳು.

ಕೆಲವು ದಿನಗಳಾದ ಮೇಲೆ ನಮ್ಮ ಅತ್ತೆ ನನ್ನ ಅಂಗಡಿಗೆ ಬಂದರು. "ನಮ್ಮ ಡಬ್ಬಿ ಅಲ್ಲಿ ಏನ್ ಮಾಡಾಕತ್ತೈತಿ ನೋಡ್ತೀನಿ," ಎಂದು ನನ್ನ ಸ್ಟೂಲನ್ನು ತಾವೇ ಎತ್ತಿಕೊಂಡು ಹೋಗಿ ಓವನ್ನಿನ ಎದುರು ಹಾಕಿ ಕುಳಿತರು. ಒಳಗೆ ಪಾವು ಬೇಯುತ್ತಿತ್ತು. ಟಿವಿ ನೋಡುವ ಹಾಗೆ ಕಣ್ಣು ಕೀಳದೆ ನೋಡಿದರು. ಸುಮನಕ್ಕ ತಿನ್ನಿರಿ ಅನ್ನಲಿಲ್ಲ; ಯಾರಿಗೂ ಅನ್ನುತ್ತಿರಲಿಲ್ಲ.

"ಕೆಂಪಾದ್ವು, ತಗೀ ಇನ್ನ," ಅಂದರು ಅತ್ತೆ.

"ಇನ್ನೊಂದ ಸ್ವಲ್ಪ ತಡೀರಿ ಅವ್ವಾರ. ಅಂಚು ನೋಡ್ರಿ, ಅಲ್ಲಿ ಇನ್ನೂ ಬೆಳ್ಳಗ ಐತಿ."

ಅತ್ತೆ ಬಾಗಿ ನೋಡಿ ತಲೆಯಾಡಿಸಿದರು. ಪಾವು ಹೊರಗೆ ಬಂದಾಗ, "ಒಂದ ಕೊಡು," ಎಂದು ಕೈ ಚಾಚಿದರು. ಮುರಿದು, ಊದಿ, ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು.

"ಉಪ್ಪು ಕಡಿಮಿ ಆಗೇತಿ."

"ನಾಳೆ ಬಂದು ನೋಡ್ರಿ," ಅಂದಳು ಸುಮನಕ್ಕ, ಮುಖದಲ್ಲಿ ನಗೆಯನ್ನು ತೋರಿಸದೆ. ಅತ್ತೆ ಮರುದಿನವೂ ಬಂದರು.

ಆಮೇಲಿನ ವರ್ಷಗಳಲ್ಲಿ ಸಣ್ಣ ಬೇಕರಿ ಹಾಕಿಕೊಂಡ ಹೆಂಗಸರು ಅಥಣಿಯಿಂದ, ರಾಯಬಾಗದಿಂದ, ಚಿಕ್ಕೋಡಿಯಿಂದ ಅವಳಿಗೆ ಫೋನ್ ಮಾಡತೊಡಗಿದರು. ಓವನ್ ಕೆಟ್ಟಿತು, ಪಾವು ಉಬ್ಬುತ್ತಿಲ್ಲ, ಬಲ್ಬು ಸುಡುತ್ತಿದೆ. ಅವಳು ಮೊದಲು ಕೇಳುತ್ತಿದ್ದದ್ದು, "ನಿಮ್ಮ ಅಂಗಡಿ ಹಿಂದ ಏನೈತಿ?" ಆ ಪ್ರಶ್ನೆ ಅತ್ತ ಕಡೆಯವರಿಗೆ ಅರ್ಥವಾಗುತ್ತಿರಲಿಲ್ಲ. ಗೋಡೆಯ ಈಚೆ ನಾನು ಒಬ್ಬಳೇ ನಗುತ್ತಿದ್ದೆ, ಮತ್ತು ನನ್ನ ನೆರೆಯವಳು ಇವಳು ಎಂದು ಬೀಗುತ್ತಿದ್ದೆ.

ಭೀಮರಾವ್ ರಿಟೈರ್ ಆದ ಮೇಲೆ ಅವರು ನಿಪ್ಪಾಣಿಗೆ ಹೋದರು. ಬೇಕರಿಯೂ ಅಲ್ಲಿಗೆ ಹೋಯಿತು. ಒಂದು ದಿನ ಸುಮನಕ್ಕ ಹೇಳದೆ ಕೇಳದೆ ಬಸ್ಸಿಳಿದು ನನ್ನ ಅಂಗಡಿಗೆ ಬಂದಳು, ಕೈಯಲ್ಲಿ ನೀಲಿ ಬಟ್ಟೆ. ಕಾಗವಾಡದಲ್ಲಿ ಸ್ವಸಹಾಯ ಸಂಘದ ಹೆಂಗಸರು ಬೇಕರಿ ತೆರೆಯುತ್ತಿದ್ದರಂತೆ. ರಿಬ್ಬನ್ ಕತ್ತರಿಸಲು ಅವಳನ್ನೇ ಕರೆದಿದ್ದರು.

ಅಳತೆಗೆ ನಿಂತಳು. ಅಷ್ಟೂ ವರ್ಷ ನಾನು ಅವಳಿಗೆ ಹೊಲಿದದ್ದು ಮಣಿಕಟ್ಟಿನ ತನಕ ಬರುವ ತೋಳಿನ ಜಂಪರು. ಬಿಸಿ ತಟ್ಟೆಗಳು ತಾಗಿ ತಾಗಿ ಅವಳ ಎರಡೂ ಮುಂಗೈಗಳ ತುಂಬ ಸುಟ್ಟ ಕಲೆಗಳಿದ್ದವು. ಮದುವೆ ಮುಂಜಿಗಳಲ್ಲಿ ಹೆಂಗಸರು ಕೈಹಿಡಿದು ಏನಾಯಿತೆಂದು ಕೇಳುವುದು ಅವಳಿಗೆ ಆಗುತ್ತಿರಲಿಲ್ಲ. ಎಂದಿನಂತೆ ಟೇಪನ್ನು ಮಣಿಕಟ್ಟಿಗೆ ಇಳಿಸಿದೆ. ಅವಳು ಅದನ್ನು ಹಿಡಿದು ಮೊಣಕೈಯಿಂದ ಮೇಲಕ್ಕೆ ಸರಿಸಿದಳು.

"ಇಷ್ಟ ಸಾಕು."

"ಕಲಿ ಕಾಣ್ತಾವಲ್ಲಕ್ಕಾ."

"ಅಲ್ಲಿ ಬರೂ ಹೆಣ್ಮಕ್ಕಳು ನಾಳಿಂದ ಭಟ್ಟಿ ಮುಂದ ನಿಂದ್ರಾವರು. ನನ್ನ ಕೈ ನೋಡಲಿ."

ಸಂಜೆಯ ಹೊತ್ತಿಗೆ ಹೊಲಿದು ಕೊಟ್ಟೆ. ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡಳು. ಬಸ್ಸಿನ ಕಿಟಕಿಯಿಂದ ಕೈ ಬೀಸಿ ಹೋದಳು. ಅವಳನ್ನು ನಾನು ನೋಡಿದ್ದು ಅದೇ ಕೊನೆ. ಮುಂದಿನ ಮಳೆಗಾಲದಲ್ಲಿ ಎದೆನೋವು ಬಂದು ಹೋಗಿಬಿಟ್ಟಳು. ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣೂ ಆಗಿತ್ತು.

ನಿಪ್ಪಾಣಿಯ ಮನೆಗೆ ಹೋದಾಗ ಭೀಮರಾವ್ ಗೋಡೆಯ ಮೇಲಿನ ಫೋಟೋ ತೋರಿಸಿದ. ಕಾಗವಾಡದಲ್ಲಿ ತೆಗೆದದ್ದು: ನೀಲಿ ಜಂಪರು, ಕೈಯಲ್ಲಿ ಕತ್ತರಿ, ಮುಂಗೈ ಮೇಲೆ ಕಲೆಗಳು ಎದ್ದು ಕಾಣುತ್ತಿದ್ದವು.

"ಫೋಟೋ ದೊಡ್ಡದ ಮಾಡಾಕ ಕೊಟ್ಟಾಗ ಸ್ಟುಡಿಯೋದಾವ ಕೇಳಿದ, ಕೈ ಮ್ಯಾಲಿನ ಕಲಿ ಅಳಸ್ಲೇನ್ರಿ ಅಂತ," ಅಂದ ಭೀಮರಾವ್. "ಬ್ಯಾಡಪಾ, ಇರಲಿ, ಅವೂ ಅಕಿ ಗಳಿಸಿದ್ದ ಅಂದೆ."