ನಾಲ್ಕು ಚುಕ್ಕೆ

ಬಸವಕಲ್ಯಾಣದ ಬಟ್ಟೆ ವ್ಯಾಪಾರಿ ಶಂಕರಲಿಂಗಪ್ಪನವರ ಜಾತಕದಲ್ಲಿ ನಪಾಸು ಎಂಬುದು ಬರೆದಿರಲಿಲ್ಲ. ಗಂಡುಮಕ್ಕಳು ಹತ್ತನೇ ತರಗತಿ ದಾಟಿದ್ದು ಅಪ್ಪ ಕಿಟಕಿಯಿಂದ ತೂರಿಸಿದ ಚೀಟಿಗಳ ಬಲದಿಂದ. ಅಳಿಯನ ಡ್ರೈವಿಂಗ್ ಪರೀಕ್ಷೆ ಕೊಟ್ಟವನು ಅಂಗಡಿಯ ಆಳು. ಈ ಸಾಹಸಗಳನ್ನು ಅವರು ಗಿರಾಕಿಗಳಿಗೆ ಚಹಾ ಕುಡಿಸಿ ಹೇಳುತ್ತಿದ್ದರು. ಅಂಥ ಘನವಂತರು.

೨೦೦೧ರಲ್ಲಿ ಮೊಮ್ಮಗಳು ಐಶ್ವರ್ಯಳಿಗೆ ಆರು ವರ್ಷ. ಲೋಟಕ್ಕೆ ನೀರು ಹಾಕಿದರೆ ಅರ್ಧ ನೆಲಕ್ಕೆ. ಎಸೆದ ಚೆಂಡು ಕೈ ತಪ್ಪಿ ಎದೆಗೆ. ಮನೆಯವರು ಹುಡುಗಾಟವೆಂದು ಬಯ್ಯುತ್ತಿದ್ದರು. ಶಾಲೆಯ ಟೀಚರ್ ಆಮ್ರಪಾಲಿ ಮಾತ್ರ, "ಎರಡೂ ಕಣ್ಣು ಕೂಡಿ ಕೆಲಸ ಮಾಡಾಕತ್ತಿಲ್ಲ ಅನಸ್ತದ್ರಿ. ಹುಮನಾಬಾದ್ ಕಣ್ಣಿನ ಶಿಬಿರಕ್ಕ ಕಂಪ್ಯೂಟರ್ ಬಂದದ, ತೋರಸ್ರಿ. ದೊಡ್ಡಾಕಿ ಆದ ಮ್ಯಾಲ ಸುಧಾರಸೂದು ಕಷ್ಟ" ಎಂದಳು.

"ನಮ್ಮ ಮನಿ ಹುಡುಗಿಗಿ ಐಬು ಹಚ್ಚತೀರೇನ್ರಿ?" ಎಂದು ಗುಡುಗಿದರೂ ಶಂಕರಲಿಂಗಪ್ಪ ಬಸ್ಸು ಹತ್ತಿದರು. ಪರೀಕ್ಷೆಯೆಂದರೆ ಅವರಿಗೆ ಹುರುಪು.

ಶಿಬಿರದ ಆಪರೇಟರ್ ಮಹಾಶಯ ಹುಡುಗಿಗೆ ಒಂದು ಗಾಜು ಕೆಂಪು, ಇನ್ನೊಂದು ಹಸಿರು ಇದ್ದ ಕನ್ನಡಕ ತೊಡಿಸಿದ. ಒಂದೊಂದು ಗಾಜಿನಿಂದ ಕೆಲವೇ ಚುಕ್ಕೆ ಕಾಣುತ್ತವೆ, ಎರಡೂ ಕಣ್ಣು ಕೂಡಿದರೆ ಮಾತ್ರ ಎಲ್ಲವೂ. ತೆರೆಯ ಮೇಲೆ ಎಷ್ಟು ಚುಕ್ಕೆ ಕಾಣುತ್ತವೋ ಆ ಅಂಕಿ ಒತ್ತಬೇಕೆಂದ. ಮಿಕ್ಕದ್ದನ್ನೆಲ್ಲ ಯಂತ್ರ ನೋಡಿಕೊಳ್ಳುತ್ತದೆಂದು ಗುಟ್ಕಾ ಉಗುಳಲು ಹೊರಗೆ ಹೋದ.

"ಎರಡು" ಎಂದಳು ಹುಡುಗಿ.

ಹಿಂದೆ ನಿಂತ ಅಜ್ಜ ಬರಿಗಣ್ಣಿನಿಂದ ಎಣಿಸಿಯಾಗಿತ್ತು. "ಹುಚ್ಚಿ, ನಾಕ ಅವ. ನಾಕ ಒತ್ತು!"

"ನನಗ ಎರಡೇ ಕಾಣಾಕತ್ತಾವ, ಮುತ್ಯಾ."

ಅವರು ತೋಳು ಚಿವುಟಿದರು. ಪುಟ್ಟ ಬೆರಳು ನಾಲ್ಕನ್ನು ಒತ್ತಿತು. ಮತ್ತೆ ಚುಕ್ಕೆ ಬಂದವು, ಮತ್ತೆ ನಾಲ್ಕು. ಎರಡೂ ಕಣ್ಣು ಕೂಡಿ ನೋಡುತ್ತಿವೆ ಎಂದು ಯಂತ್ರ ಸಾರಿತು. ಬೆರಳು ಯಾರ ಮಾತು ಕೇಳಿತೆಂದು ಆ ಡಬ್ಬಿಗೇನು ಗೊತ್ತು?

ಊರಿಗೆ ಬಂದವರೇ ಪೇಢೆ ಹಂಚಿದರು. ಆಮ್ರಪಾಲಿಗೆ ಒಂದು ಹೆಚ್ಚೇ ಕೊಟ್ಟು, "ಪಾಸಾಗ್ಯಾಳ್ರಿ!" ಎಂದರು.

ಹೈಸ್ಕೂಲು ಸೇರಿದ ಐಶ್ವರ್ಯ ಒಂದು ದಿನ ಸೈಕಲ್ಲನ್ನು ಕಂಬಕ್ಕೆ ಗುದ್ದಿದಳು. ಅಜ್ಜನೊಡನೆ ಮತ್ತೆ ಹುಮನಾಬಾದು. ಈ ಸಲ ವೈದ್ಯೆ ಮೊದಲು ಅವಳ ಬಲಗಣ್ಣು ಮುಚ್ಚಿದರು. ಎಡಗಣ್ಣಿಗೆ ಗೋಡೆಯ ದೊಡ್ಡ ಅಕ್ಷರವೂ ತಿಳಿಯಲಿಲ್ಲ.

"ಸಣ್ಣಾಕಿ ಇದ್ದಾಗ ಛಲೋ ಕಣ್ಣಿಗಿ ಪಟ್ಟಿ ಕಟ್ಟಿದ್ರ ಈ ಕಣ್ಣು ಎಚ್ಚರಾಗ್ತಿತ್ತು. ಈಗ ಪೂರಾ ಬರೂದು ಕಷ್ಟ ಅದರಿ. ಆಗ ಯಾಕ ತೋರಸಲಿಲ್ಲ?"

"ತೋರಸೀವ್ರಿ. ಆ ಮಷೀನೇ ಖರಾಬ್ ಇತ್ತು!" ಶಂಕರಲಿಂಗಪ್ಪ ರೇಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತಾಯಿತು.

ವೈದ್ಯೆ ಅದೇ ಕೆಂಪು-ಹಸಿರು ಕನ್ನಡಕ ಕೊಟ್ಟರು. ಐಶ್ವರ್ಯ ತೊಟ್ಟುಕೊಂಡಳು. ತೆರೆಯನ್ನು ನೋಡದೆ ಅಜ್ಜನ ಕಡೆ ತಿರುಗಿದಳು.

"ಈ ಸಲ ಎಷ್ಟ್ ಒತ್ತಲಿ, ಮುತ್ಯಾ?"