ಕೇಳಿದವರಿಗೆಲ್ಲ ಕೊಟ್ಟ ಅಭಿಪ್ರಾಯ

ಸಿಯಾಟಲ್ ಕಡೆಗೆ ಹೊಸದಾಗಿ ಬಂದ ಕನ್ನಡದವರು ಮೊದಲು ಬಾಡಿಗೆ ಮನೆ ಹುಡುಕುತ್ತಿದ್ದರು, ಆಮೇಲೆ ನನಗೆ ಫೋನ್ ಮಾಡುತ್ತಿದ್ದರು. ಕೆಲವರು ಮನೆ ಹುಡುಕುವ ಮೊದಲೇ ಮಾಡುತ್ತಿದ್ದರು. ನಾನು ಅಲ್ಲಿಗೆ ಹೋಗಿ ಆಗಲೇ ಹನ್ನೊಂದು ವರ್ಷವಾಗಿತ್ತು. ಕ್ಯಾನ್ಯನ್ ಪಾರ್ಕಿನ ಆಫೀಸಿನಲ್ಲಿ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮೀಟಿಂಗಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ವಿಷಯ ಮುಂದಕ್ಕೆ ಹೋಗಿರುತ್ತಿತ್ತು. ಆದರೆ ಶನಿವಾರದ ಊಟದ ಕೂಟಗಳಲ್ಲಿ ಪೇಪರ್ ತಟ್ಟೆ ಹಿಡಿದು ಒಂದು ಕಡೆ ನಿಂತರೆ ಸಾಕು, ಸುತ್ತ ನಾಲ್ಕು ಜನ ಸೇರುತ್ತಿದ್ದರು. ಆ ಊರಿನಲ್ಲಿ ಬದುಕುವುದು ಹೇಗೆ ಎಂಬ ಬಗ್ಗೆ ನನ್ನ ಹತ್ತಿರ ಅಭಿಪ್ರಾಯವಿಲ್ಲದ ವಿಷಯವೇ ಇರಲಿಲ್ಲ.

ಕೊಡೆ ತಗೋಬೇಡಿ, ಟೋಪಿ ಇರೋ ಜಾಕೆಟ್ ತಗೊಳ್ಳಿ. ಮರ್ಸರ್ ಐಲ್ಯಾಂಡ್ ಸಾಹುಕಾರರ ಜಾಗ, ಸೇತುವೆ ಮೇಲಿಂದ ನೋಡಿ ಸುಮ್ಮನಾಗಿ, ಮೊದಲು ಬಾಡಿಗೆ ಕಮ್ಮಿ ಇರೋ ರೆಂಟನ್ನಿನಲ್ಲಿ ಇರಿ. ನವೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲಾಗುತ್ತೆ, ಮನೆಯ ದೀಪ ಎಲ್ಲ ಹಾಕಿಬಿಡಿ, ಇಲ್ಲದಿದ್ದರೆ ಮನೆಯವರು ಅಳೋಕೆ ಶುರು ಮಾಡ್ತಾರೆ. ಇಲ್ಲಿಯ ಜನ ನಗ್ತಾರೆ, ಮನೆಗೆ ಮಾತ್ರ ಕರೆಯೋಲ್ಲ. ಹೀಗೆ ಹೇಳುತ್ತಿದ್ದೆ. ಹೇಳುವಾಗ ನನಗೆ ನಾನೇ ಬಹಳ ತಿಳಿದವನಂತೆ ಕಾಣುತ್ತಿದ್ದೆ, ಅದನ್ನು ಈಗ ಮುಚ್ಚಿಟ್ಟು ಏನಾಗಬೇಕು.

ಎಲ್ಲಕ್ಕಿಂತ ಹೆಚ್ಚು ನಗು ತರುತ್ತಿದ್ದುದು ಒಗ್ಗರಣೆಯ ಕಥೆ. ನಾವು ಹೊಸದಾಗಿ ಹೋಗಿದ್ದಾಗ, ಒಣಮೆಣಸಿನಕಾಯಿಯ ಘಾಟಿಗೆ ಅಪಾರ್ಟ್‌ಮೆಂಟಿನ ಹೊಗೆಯ ಅಲಾರಂ ಕೂಗಿಕೊಂಡಿತು. ಗಾಬರಿಯಲ್ಲಿ ನಾನು ತುರ್ತಿನ ನಂಬರ್ ನೈನ್ ಒನ್ ಒನ್‌ಗೆ ಫೋನ್ ಮಾಡಿದೆ. ಎರಡು ಫೈರ್ ಇಂಜಿನ್ ಬಂದವು, ಹಿಂದೆಯೇ ಪೊಲೀಸ್ ಕಾರು. ಇಡೀ ಕಟ್ಟಡದವರು ಚಡ್ಡಿ ಬನಿಯನ್ನಿನಲ್ಲಿ ಮಳೆಯಲ್ಲಿ ನಿಂತಿದ್ದರು. ನಾನು ಕೈಯಲ್ಲಿ ಸೌಟು ಹಿಡಿದು ಅವರೆದುರು ನಿಂತಿದ್ದೆ. ಈ ಕಥೆಯನ್ನು ವರ್ಷಗಟ್ಟಲೆ ಹೇಳಿದೆ. ಹೇಳಿ ಮುಗಿಸಿದ ಮೇಲೆ ತಪ್ಪದೆ ಒಂದು ಬುದ್ಧಿಮಾತು ಸೇರಿಸುತ್ತಿದ್ದೆ: "ಆ ನಂಬರ್ ಇರೋದು ಮನೆಗೆ ಬೆಂಕಿ ಬಿದ್ರೆ, ಇಲ್ಲ ಕಳ್ಳ ನುಗ್ಗಿದ್ರೆ. ಬಾಕಿದಕ್ಕೆಲ್ಲ ನಂಗೆ ಫೋನ್ ಮಾಡಿ."

ಆ ವರ್ಷ ಮೈಸೂರಿನಿಂದ ಬಂದ ದಂಪತಿಗಳಿಗೂ ಇದನ್ನೇ ಹೇಳಿದ್ದೆ. ಆತನಿಗೆ ಮೂವತ್ತಾರೋ ಏನೋ, ಸಾಫ್ಟ್‌ವೇರಿನ ಕೆಲಸ. ಮಹಾ ಮಾತುಗಾರ. ಒಂದು ಸಲ ಬಸ್ ಕಂಡಕ್ಟರನ ಹಾಗೆ, ಇನ್ನೊಂದು ಸಲ ಕಾಲೇಜಿನ ಪ್ರಿನ್ಸಿಪಾಲರ ಹಾಗೆ ಮಾತಾಡಿ ಎಲ್ಲರನ್ನೂ ನಗಿಸುತ್ತಿದ್ದ. ಹೆಂಡತಿ ಮೈಸೂರಿನಲ್ಲಿ ಶಾಲೆಯ ಟೀಚರ್ ಆಗಿದ್ದವಳು. ಇಲ್ಲಿ ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ, ಕಾರು ಓಡಿಸಲು ಇನ್ನೂ ಕಲಿತಿರಲಿಲ್ಲ. ಬಂದು ಐದು ತಿಂಗಳಾಗಿತ್ತು. ಒಂದು ಶನಿವಾರದ ಊಟದಲ್ಲಿ ಒಗ್ಗರಣೆಯ ಕಥೆ ಕೇಳಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಮರುದಿನ ಭಾನುವಾರ. ನನ್ನದು ಎಣ್ಣೆ ಸ್ನಾನ. ಅಮೆರಿಕದಲ್ಲೂ ಅದನ್ನು ಬಿಟ್ಟಿರಲಿಲ್ಲ. ಹೆಂಡತಿ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು. ಆಗ ಆ ಮೈಸೂರಿನ ಹುಡುಗಿಯ ಫೋನ್ ಬಂತು. ಎಣ್ಣೆ ಕೈಯೆಂದು ಸ್ಪೀಕರ್ ಹಾಕಿದೆ.

"ಸರ್, ಇವರ ಬಲಗೈ ಜೋಮು ಹಿಡಿದಿದೆಯಂತೆ. ಕಾಫಿ ಲೋಟ ಕೈಜಾರಿ ಬಿದ್ದುಹೋಯ್ತು. ಮಾತೂ ಒಂಥರಾ ತೊದಲ್ತಿದೆ."

"ಕೈ ಮೇಲೆ ಮಲಗಿರ್ಬೇಕು ಕಣಮ್ಮ. ರಾತ್ರಿ ಬೇರೆ ಚೆನ್ನಾಗಿ ಬಾರಿಸಿದಾರೆ, ವಾಯು ಇರುತ್ತೆ. ಬಿಸಿನೀರು ಕುಡಿಸಿ, ಮಲಗಿಸು."

"ನೈನ್ ಒನ್ ಒನ್‌ಗೆ ಮಾಡ್ಲಾ ಸರ್?"

"ಅಯ್ಯೋ, ಬೇಡ್ವೇ ಬೇಡ. ನಿನ್ನೆ ತಾನೆ ಹೇಳಿದ್ನಲ್ಲ? ಅಪಾರ್ಟ್‌ಮೆಂಟಿಗೆ ಅಪಾರ್ಟ್‌ಮೆಂಟೇ ಹೊರಗೆ ಬಂದು ನಿಲ್ಲುತ್ತೆ. ಸ್ನಾನ ಮುಗಿಸಿ ನಾನೇ ಬರ್ತೀನಿ."

ಹನ್ನೆರಡು ವರ್ಷದ ನನ್ನ ಮಗಳು ಅಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಡ್ಯಾಡ್, ಶಿ ಶುಡ್ ಕಾಲ್," ಎಂದಳು. ದೊಡ್ಡವರ ಮಾತಿನ ಮಧ್ಯೆ ಬರಬೇಡ ಎಂದು ಗದರಿದೆ.

ಎಣ್ಣೆ ಇಳಿಯಲಿ ಎಂದು ಅರ್ಧ ಗಂಟೆ ಕೂತೆ. ಸೀಗೆಪುಡಿ ಹಾಕಿ ನಿಧಾನವಾಗಿ ಸ್ನಾನ ಮಾಡಿದೆ. ಅವಲಕ್ಕಿ ತಿಂದೆ. ನಡುವೆ ಅವಳು ಇನ್ನೊಂದು ಸಲ ಫೋನ್ ಮಾಡಿ, ಮಲಗಿದ್ದಾರೆ ಸರ್, ಎಬ್ಬಿಸಲಾ ಎಂದು ಕೇಳಿದಳು. ನಿದ್ದೆ ಬಂದರೆ ಒಳ್ಳೆಯದೇ, ಮಲಗಲಿ ಬಿಡು ಎಂದೆ. ನಮ್ಮ ಮನೆಯಿದ್ದ ಬಾತೆಲ್ಲಿನಿಂದ ಅವರಿದ್ದ ರೆಂಟನ್ನಿಗೆ ಹೋಗುವ ಹೈವೇಯಲ್ಲಿ ಮಳೆ, ಎಲ್ಲೋ ಒಂದು ಕಾರು ಮಗುಚಿ ಎರಡು ಗಂಟೆ ಸಾಲು ನಿಂತಿತ್ತು. ಈ ಊರಿನವರಿಗೆ ದಿನಾ ಮಳೆ ಬಂದರೂ ಮಳೆಯಲ್ಲಿ ಕಾರು ಓಡಿಸಲು ಬರುವುದಿಲ್ಲ ಎಂಬುದು ನನ್ನ ಇನ್ನೊಂದು ಅಭಿಪ್ರಾಯ. ಅದನ್ನು ನನಗೆ ನಾನೇ ಹೇಳಿಕೊಳ್ಳುತ್ತಾ ಕೂತಿದ್ದೆ.

ಅವರ ಮನೆ ಮುಟ್ಟಿದಾಗ ಮೊದಲ ಫೋನ್ ಬಂದು ನಾಲ್ಕು ಗಂಟೆಗೂ ಮೇಲಾಗಿತ್ತು. ಆತ ಸೋಫಾದ ಮೇಲೆ ಮಲಗಿದ್ದ. ಬಾಯಿ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು, ತುಟಿಯ ಕೊನೆಯಿಂದ ಜೊಲ್ಲು ದಿಂಬಿಗೆ ಇಳಿಯುತ್ತಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದ. ಬಂದದ್ದು ಬರೀ ಒಂದು ಶಬ್ದ. ಆಗ ನಾನೇ ನೈನ್ ಒನ್ ಒನ್‌ಗೆ ಫೋನ್ ಮಾಡಿದೆ. ನಾಲ್ಕೈದು ನಿಮಿಷದಲ್ಲಿ ಆಂಬುಲೆನ್ಸ್ ಬಂತು. ಮಳೆಯಲ್ಲಿ ಯಾರೂ ಹೊರಗೆ ಬಂದು ನಿಲ್ಲಲಿಲ್ಲ. ಎದುರು ಮನೆಯ ಮುದುಕಿಯೊಬ್ಬಳು ಮಾತ್ರ ಬಂದು, ಸ್ಟ್ರೆಚರ್ ಇಳಿಯುವವರೆಗೆ ಬಾಗಿಲು ಹಿಡಿದುಕೊಂಡಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, ಶುರುವಾದದ್ದು ಎಷ್ಟು ಹೊತ್ತಿಗೆ ಎಂದು. ಅವಳು ಸಮಯ ಹೇಳಿದಳು. ಡಾಕ್ಟರು ಗಡಿಯಾರ ನೋಡಿ ತಲೆಯಾಡಿಸಿದರು. ಮಿದುಳಿನಲ್ಲಿ ಕಟ್ಟಿದ ರಕ್ತವನ್ನು ಕರಗಿಸುವ ಔಷಧಿ ಇದೆ, ಆದರೆ ಮೊದಲ ಕೆಲವು ಗಂಟೆಗಳೊಳಗೆ ಕೊಡಬೇಕು, ಈಗ ಕೊಟ್ಟರೆ ಅಪಾಯ ಎಂದರು. ಆಮೇಲೆ, ಗದರಿಕೆಯೇನೂ ಇಲ್ಲದೆ, ಇಷ್ಟು ಹೊತ್ತು ಯಾಕೆ ಕಾದಿರಿ ಎಂದು ಕೇಳಿದರು.

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅವಳು ನನ್ನ ಕಡೆ ತಿರುಗಲಿಲ್ಲ. "ಐ ಡಿಡ್ ನಾಟ್ ನೋ," ಎಂದಳು.

ಆತನ ಬಲಭಾಗ ಬಿದ್ದುಹೋಯಿತು. ಮಾತು ಹೋಯಿತು, ಕಷ್ಟಪಟ್ಟು ಎರಡೋ ಮೂರೋ ಶಬ್ದ ಬರುತ್ತಿತ್ತು, ಅದೂ ತಪ್ಪು ತಪ್ಪಾಗಿ. ನಮ್ಮವರು ಸರದಿಯ ಮೇಲೆ ಸಾರು, ಮೊಸರನ್ನ ಕಟ್ಟಿ ಕಳಿಸಿದರು. ಸರದಿಯ ಪಟ್ಟಿ ಮಾಡಿದವನು ನಾನೇ. ಮುಂದಿನ ಶನಿವಾರ ಸೇರಿದಾಗ ಬೇರೆ ಮಾತೇ ಇರಲಿಲ್ಲ. ಓದಿದ ಹುಡುಗಿ, ಟೀಚರ್ ಬೇರೆ, ಒಂದು ಫೋನ್ ಮಾಡೋಕೆ ತೋಚಲಿಲ್ವಾ ಎಂದು ಯಾರೋ ಅಂದರು. ಪಾಪ, ಹೊಸಬಳು ಎಂದು ಇನ್ಯಾರೋ. ಎಲ್ಲರೂ ವಾಡಿಕೆಯಂತೆ ನನ್ನ ಮುಖ ನೋಡಿದರು. "ತಕ್ಷಣ ಕರೀಬೇಕಿತ್ತು," ಎಂದೆ.

ಮನೆಗೆ ವಾಪಸು ಬರುವಾಗ ಕಾರಿನಲ್ಲಿ ಹೆಂಡತಿ ಕಿಟಕಿಯ ಆಚೆ ನೋಡುತ್ತಿದ್ದಳು. ಹಿಂದಿನ ಸೀಟಿನಿಂದ ಮಗಳು, "ಬಟ್ ಶಿ ಕಾಲ್ಡ್ ಯೂ, ಡ್ಯಾಡ್," ಎಂದಳು. ನಾನು ವೈಪರಿನ ವೇಗ ಹೆಚ್ಚು ಮಾಡಿದೆ. ಅಷ್ಟು ನಾಚಿಕೆಯಾದದ್ದು ನನಗೆ ಅದಕ್ಕೆ ಮುಂಚೆ ನೆನಪಿಲ್ಲ, ಆದರೂ ಕಾರು ತಿರುಗಿಸಿ ಹೋಗಿ ನಿಜ ಹೇಳಲಿಲ್ಲ.

ಮಾರ್ಚಿನಲ್ಲಿ ಅವರು ಮೈಸೂರಿಗೆ ಹೊರಟರು. ಸೂಟ್‌ಕೇಸು ಕಟ್ಟಲು ನೆರವಾಗುತ್ತೇನೆಂದು ಹೋದೆ. ತೂಕದ ಯಂತ್ರದ ಮೇಲೆ ಒಂದೊಂದೇ ಪೆಟ್ಟಿಗೆ ಇಟ್ಟು ನೋಡುತ್ತಿದ್ದೆವು. ಆತ ವೀಲ್‌ಚೇರಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಮಾತಾಡಿಸಿದೆ, ತಿರುಗಲಿಲ್ಲ. ಅಷ್ಟರಲ್ಲಿ ಅವಳಿಗೊಂದು ಫೋನ್ ಬಂತು, ಆತನ ಪಕ್ಕದಲ್ಲೇ ನಿಂತು ಸ್ಪೀಕರ್ ಹಾಕಿ ಮಾತಾಡಿದಳು. ಅವತ್ತೂ ಅವಳು ಹೀಗೇ ಸ್ಪೀಕರಿನಲ್ಲೇ ಮಾತಾಡಿದ್ದಳೆಂದು ಆಗ ನನಗೆ ಹೊಳೆಯಿತು. ನಾನು ಹೇಳಿದ್ದನ್ನೆಲ್ಲ ಆತ ಕೇಳಿಸಿಕೊಂಡೇ ಮಲಗಿದ್ದ.

ಹೊರಡುವಾಗ, ಇನ್ನೇನಾದರೂ ಬೇಕಾ ಅಮ್ಮ ಎಂದೆ.

"ಒಂದೇ ಒಂದು ಸರ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ಯಾರ ಹತ್ರಾನೂ ನಿಮ್ಮ ಹೆಸರು ಹೇಳಿಲ್ಲ ನಾನು. ಹೇಳೋದೂ ಇಲ್ಲ. ಇನ್ಮೇಲೆ ಯಾರಾದ್ರೂ ಹೀಗೆ ಫೋನ್ ಮಾಡಿ ಕೇಳಿದ್ರೆ, ಗೊತ್ತಿಲ್ಲ ಅನ್ನಿ."

"ಆಯ್ತಮ್ಮ," ಎಂದೆ.

ಯುಗಾದಿಗೆ ಎಲ್ಲರೂ ಮತ್ತೆ ಸೇರಿದ್ದೆವು. ಹೊಸದಾಗಿ ಬಂದಿದ್ದ ಒಬ್ಬ ಹುಡುಗ ಹೋಳಿಗೆ ತಿನ್ನುತ್ತಾ ನನ್ನನ್ನು ಕೇಳಿದ: "ಇಲ್ಲಿ ಇಷ್ಟು ಒಳ್ಳೊಳ್ಳೆ ಆಸ್ಪತ್ರೆಗಳಿವೆ, ಅವರ್ಯಾಕೆ ಸರ್ ವಾಪಸ್ ಹೋಗ್ಬಿಟ್ರು?" ಸುತ್ತ ನಿಂತವರು ನನ್ನ ಕಡೆ ತಿರುಗಿದರು. ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ.

"ಪಾಪ, ಈ ಊರು ಅವರಿಗೆ ಒಗ್ಗಲಿಲ್ಲ," ಎಂದೆ. ಎಲ್ಲರೂ ಹೌದು ಹೌದು ಎಂದರು.