ಮೋಟಾರ್ ಕಾಕಾ ಮತ್ತು ಹನ್ನೆರಡೂವರೆ ಪಟ್ಟು

ಕಳೆದ ವಾರ ಗಬ್ಬೂರಿನ ಬೈಪಾಸ್ ಹತ್ತಿರ ನಾನು ಕೂತಿದ್ದ ಆಟೋ ಕೆಟ್ಟು ನಿಂತಾಗ ಎಲ್ಲಿಂದಲೋ ವಾರ್ನಿಶ್ ವಾಸನೆ ಬಂತು. ಕಟ್ಟಿಗೆಗೆ ಹಚ್ಚುವ ವಾರ್ನಿಶ್ ಅಲ್ಲ. ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ, ಅದರ ಮೇಲೆ ಸುರಿದು ಒಣಗಿಸುತ್ತಾರಲ್ಲ, ಅದು. ಆಟೋದವನು ಮೂಗು ಮುಚ್ಚಿಕೊಂಡ. ನಾನು ಮಾತ್ರ ಕೆಳಗಿಳಿದು ಎದೆ ತುಂಬ ಎಳೆದುಕೊಂಡೆ. ಮೋಟಾರ್ ಕಾಕಾ ನೆನಪಾದರು...

ಎರಡು ಸಾವಿರದ ಆಚೀಚೆಯ ವರ್ಷಗಳವು. ಹಳೇ ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿಯಿತ್ತು. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು, ಅರ್ಜಿ ಎಲ್ಲ ಅಲ್ಲೇ ತಯಾರಾಗುತ್ತಿದ್ದವು. ಗೋಡೆಗೆ ಗೋಡೆ ಹತ್ತಿ ಕಾಕಾರ ರಿವೈಂಡಿಂಗ್ ಅಂಗಡಿ. ಶಿರಗುಪ್ಪಿ ಕಡೆಯ ರೈತರು ಸುಟ್ಟ ಪಂಪ್‌ಸೆಟ್ಟಿನ ಮೋಟಾರುಗಳನ್ನು ಅವರಲ್ಲಿಗೆ ತರುತ್ತಿದ್ದರು. ಕಾಕಾರದು ಒಂದೇ ಹಟ. ಮೋಟಾರು ತಿರುಗಿದರೆ ಸಾಲದು, ಅದರ ಮೈಮೇಲಿನ ತಗಡಿನ ಪ್ಲೇಟಿನಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ಎಂದು ಬರೆದಿದೆಯೋ ಅಷ್ಟು ತಿರುಗಬೇಕು. ಮೀಟರ್ ಹಿಡಿದು ಅಳೆಯುತ್ತಿದ್ದರು. ಕಡಿಮೆ ಬಂತೋ, ಎಲ್ಲ ಬಿಚ್ಚಿ ಮತ್ತೆ ಸುತ್ತುತ್ತಿದ್ದರು. "ನೀರ ಬಂದ್ರ ಸಾಕ್ರಿ ಕಾಕಾ, ಲಗೂ ಕೊಡ್ರಿ" ಎಂದು ರೈತರು ಗೋಗರೆದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನನ್ನ ಕಂಪ್ಯೂಟರನ್ನು ಜೋಡಿಸಿಕೊಟ್ಟವನು ನನ್ನ ಸ್ವಂತ ತಮ್ಮ. ಬೈರಿದೇವರಕೊಪ್ಪದ ಮನೆಯಲ್ಲೇ ಆಗಷ್ಟೇ ಆ ಕೆಲಸ ಶುರು ಮಾಡಿದ್ದ. ಅವನ ಮೊದಲ ಗಿರಾಕಿ ನಾನೇ. ಪ್ರೊಸೆಸರ್ ವೇಗ 1667 ಮೆಗಾಹರ್ಟ್ಸ್ ಎಂದು ರಸೀದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಿದ್ದ. ಎದುರಿನ ಝೆರಾಕ್ಸ್ ಅಂಗಡಿಯವನು, ನನ್ನದು ಹೇಗೆ ಓಡುತ್ತದೋ ನೋಡಿಕೊಂಡು ತಾನೂ ಒಂದು ಮಾಡಿಸುತ್ತೇನೆ ಎಂದು ಕಾಯುತ್ತಿದ್ದ. ಅವನು ಒಪ್ಪಿದರೆ ಇಡೀ ಓಣಿ ಒಪ್ಪಿದ ಹಾಗೆ.

ಆ ವರ್ಷದ ಖಂಡೇನವಮಿ ಬಂತು. ಕತ್ತರಿಯಿಂದ ಹಿಡಿದು ಸ್ಕೂಟರಿನವರೆಗೆ ಎಲ್ಲವನ್ನೂ ತೊಳೆದು ಪೂಜೆ ಮಾಡುವ ದಿನ. ನನಗೆ ಹುರುಪು ಸ್ವಲ್ಪ ಜಾಸ್ತಿಯೇ. ಕಂಪ್ಯೂಟರಿನ ಹೊರಮೈ ಒರೆಸಿ ಬಿಟ್ಟರೆ ಅದೆಂಥ ಪೂಜೆ? ಡಬ್ಬಿಯ ತಗಡು ಬಿಚ್ಚಿ ಬ್ರಷ್ಷಿನಿಂದ ಧೂಳು ತೆಗೆದೆ. ಒಳಗೆ ರೂಪಾಯಿ ನಾಣ್ಯದಷ್ಟು ಒಂದು ಗುಂಡನೆಯ ಸೆಲ್ ಮಂಕಾಗಿ ಕಂಡಿತು. ಅದನ್ನು ಕಿತ್ತು, ಸೆರಗಿನಿಂದ ಫಳಫಳ ತಿಕ್ಕಿ, ಮತ್ತೆ ಕೂರಿಸಿ, ಕುಂಕುಮದ ಬೊಟ್ಟು ಇಟ್ಟೆ. ಊದಿನಕಡ್ಡಿ ಬೆಳಗಿ ಕೈ ಮುಗಿದೆ. ಬಹಳ ಸಮಾಧಾನವಾಯಿತು.

ಮರುದಿನ ವಿಜಯದಶಮಿ. ಮುಂಜಾನೆ ಬಂದು ಕಂಪ್ಯೂಟರ್ ಚಾಲೂ ಮಾಡಿದರೆ, ದಿನಾ ಪರದೆಯ ಮೇಲೆ ಸರ್ರನೆ ಓಡಿಹೋಗುವ ಅಕ್ಷರಗಳು ಅಂದು ಗಪ್ಪನೆ ನಿಂತುಬಿಟ್ಟವು. ಮುಂದೆ ಹೋಗಬೇಕಾದರೆ ಒಂದು ಕೀಲಿ ಒತ್ತು ಎಂದವು. ನಿಂತವಲ್ಲ ಎಂದು ಮೊದಲ ಸಲ ಓದಿದೆ. 1250! ರಸೀದಿ ತೆಗೆದು ನೋಡಿದೆ, 1667. ನನ್ನ ನೆತ್ತಿ ಕಾದುಹೋಯಿತು.

ಫೋನ್ ಮಾಡಿ ತಮ್ಮನನ್ನು ಕರೆಸಿದೆ. ಅಕ್ಕನಿಗೆ ಕೊಡಲು ಬನ್ನಿ ಎಲೆ ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ. ಪರದೆ ನೋಡಿ ಮುಖ ಸಣ್ಣ ಮಾಡಿದ.

"ಅಕ್ಕಾ, ನೀ ಏನರ ಒಳಗ ಕೈ ಹಾಕಿದ್ದೇನು? ಐದ್ ಮಿನಿಟ್ ಕೊಡು, ನೋಡ್ತೇನಿ."

"ನಾ ಯಾಕ ಕೈ ಹಾಕಲಿ? ಕಡಿಮಿ ಮಾಲು ಹಾಕಿ ಅಕ್ಕನ್ನs ಮೋಸ ಮಾಡೀದಿ. ಕಳ್ಳ!"

ನನ್ನ ಬಾಯಿ ಸಣ್ಣದಲ್ಲ. ಝೆರಾಕ್ಸ್ ಅಂಗಡಿಯವನು ಬಾಗಿಲಿಗೆ ಬಂದು ನಿಂತು ಎಲ್ಲ ಕೇಳಿಸಿಕೊಂಡ. ತಮ್ಮ ಜೇಬಿನ ಬನ್ನಿಯನ್ನೂ ತೆಗೆಯದೆ ಹೊರಟುಹೋದ. ದಸರೆಯ ದಿನ ಅವನು ನನಗೆ ಬನ್ನಿ ಕೊಡದೆ ಹೋದದ್ದು ಅದೇ ಮೊದಲು. ಸೆಲ್ ಕಿತ್ತಿದ್ದು ನನಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಗಿತ್ತು. ಅಷ್ಟು ಸಣ್ಣ ಸೆಲ್ಲಿನಿಂದ ಏನಾದೀತು ಎಂದುಕೊಂಡೆ.

ಆಗ ಕಾಕಾ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು.

"ಅಕ್ಕಾರ, ಮೊದಲ ಪ್ಲೇಟ್ ಓದೂಣು. ಆಮ್ಯಾಲೆ ಬೈಯೋದಿದ್ರ ಬೈರಿ."

ಕಂಪ್ಯೂಟರಿಗೆಲ್ಲಿಯ ಪ್ಲೇಟು? ತಮ್ಮ ಕೊಟ್ಟಿದ್ದ ಮದರ್‌ಬೋರ್ಡಿನ ಪುಸ್ತಕ ಕಪಾಟಿನಲ್ಲಿ ಬಿದ್ದಿತ್ತು, ಅದನ್ನು ಹುಡುಕಿ ತೆಗೆದೆವು. ಚಾಲೂ ಆಗುವಾಗಲೇ ಡಿಲೀಟ್ ಒತ್ತಬೇಕು ಎಂದು ಅದರಲ್ಲಿತ್ತು. ಒತ್ತಿದೆ. ಬಯೋಸ್ ಎನ್ನುವ ನೀಲಿ ಪರದೆ ತೆರೆದುಕೊಂಡಿತು. ಸಾಲು ಸಾಲು ಇಂಗ್ಲಿಷು. ಕಾಕಾರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ಒಂದು ಪುಟ ಬಂದದ್ದೇ ಕುರ್ಚಿಯಿಂದ ಎದ್ದುಬಿಟ್ಟರು. "ಫ್ರೀಕ್ವೆನ್ಸಿ! ಇದು ನನಗ ಗೊತ್ರಿ! ಎಲ್ಲಾ ಮೋಟಾರಿನ ಮ್ಯಾಲೂ ಇರತೈತಿ. ಲೈನಿನ ಫ್ರೀಕ್ವೆನ್ಸಿ ಬಿತ್ತಂದ್ರ ಸುತ್ತೂ ಬೀಳ್ತಾವು."

ಅದರ ಮುಂದೆ 100 ಎಂದಿತ್ತು. ಕೆಳಗಿನ ಸಾಲಿನಲ್ಲಿ, ಅದರ ಎಷ್ಟು ಪಟ್ಟು ಎಂಬುದರ ಮುಂದೆ, 12.5. ಕಾಕಾ ಜೇಬಿನಿಂದ ಬಳಪ ತೆಗೆದು ನನ್ನ ಅಂಗಡಿಯ ನೆಲದ ಮೇಲೇ ಗುಣಿಸತೊಡಗಿದರು. ನೂರರ ಹನ್ನೆರಡೂವರೆ ಪಟ್ಟು, ಸಾವಿರದ ಇನ್ನೂರಾ ಐವತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೀಲಿ ಒತ್ತಿದೆ, 100, 133, 166 ಎಂದು ಪಟ್ಟಿ ಬಂತು. ಕಾಕಾ 133ಕ್ಕೆ ಲೆಕ್ಕ ಹಾಕಿದರು, 1662 ಚಿಲ್ಲರೆ. ಐದು ಸುತ್ತು ಕಡಿಮೆ ಎಂದು ಅಷ್ಟಕ್ಕೇ ಹುಬ್ಬು ಗಂಟಿಕ್ಕಿದರು! ಪಟ್ಟಿಯ 133 ನಿಜದಲ್ಲಿ 133ರ ಮೇಲೆ ಮೂರನೇ ಒಂದು ಎಂದು ನಮಗೆ ಆಗ ಗೊತ್ತಿರಲಿಲ್ಲ. ನನಗೋ ಆಸೆ ಹತ್ತಿತು. 166 ಇಟ್ಟರೆ ಇನ್ನೂ ಜೋರಾಗಿ ಓಡುತ್ತದಲ್ಲ ಎಂದೆ.

"ಬ್ಯಾಡ್ರಿ. ಹೆಚ್ಚಿಗಿ ಓಡಿಸಿದ್ರ ಸುಡತೈತಿ. ಕಡಿಮಿ ಓಡಿಸಿದ್ರ ಮಾಡಿದಾಂವಗ ಅವಮಾನ. ಬರದಷ್ಟs ಓಡಬೇಕು."

133 ಇಟ್ಟು ಉಳಿಸಿದೆ. ಪರದೆ ಕಪ್ಪಾಯಿತು. ಒಂದು, ಎರಡು, ಮೂರು... ಸತ್ತಿತೋ ಏನೋ ಎಂದು ನನ್ನ ಜೀವ ಬಾಯಿಗೆ ಬಂತು. ಕಾಕಾ ಡಬ್ಬಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಫ್ಯಾನಿನ ಸದ್ದು ಕೇಳುತ್ತಿದ್ದರು. ಟಿಣ್ ಎಂದಿತು. ಅಕ್ಷರ ಬಂದವು. 1667! ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ! "ಬಂತು! ಬರದಷ್ಟೂ ಬಂತು!" ಎಂದು ಕಾಕಾ ಕೂಗಿದ ಕೂಗಿಗೆ ಅವರ ಅಂಗಡಿಯಲ್ಲಿದ್ದ ರೈತರೆಲ್ಲ ಓಡಿಬಂದರು. ನಾನು ಕುಣಿಯುವುದೊಂದು ಬಾಕಿ. ಐವತ್ತು ದಾಟಿದ ಆ ಮನುಷ್ಯ ಎರಡೂ ಕೈ ಎತ್ತಿ ನಗುತ್ತಿದ್ದರು. ಝೆರಾಕ್ಸ್ ಅಂಗಡಿಯವನನ್ನು ತೋಳು ಹಿಡಿದು ಎಳೆದು ತಂದು, ನೋಡು, ಹುಡುಗ ಖರೇ ಮಾಲು ಹಾಕ್ಯಾನ ಎಂದು ತೋರಿಸಿದರು.

ಎಲ್ಲರೂ ಹೋದ ಮೇಲೆ ಕಾಕಾ ಪರದೆಯ ಮೂಲೆಯ ಗಡಿಯಾರ ನೋಡಿದರು. ದಸರೆಯ ದಿನ ಅದು ಜನವರಿ ಎನ್ನುತ್ತಿತ್ತು. ಗಡಿಯಾರವನ್ನೂ ಬಯೋಸಿನ ಅಂಕಿಗಳನ್ನೂ ಕಾಯುವ ಸೆಲ್ ಒಮ್ಮೆ ಕಳಚಿದರೆ ಎರಡೂ ಅಳಿಸಿಹೋಗುತ್ತವೆ. ಕಂಪ್ಯೂಟರ್ ಬಂದ್ ಮಾಡಿಸಿ ತಗಡು ಬಿಚ್ಚಿದರು. ಸೆಲ್ಲಿನ ಮೇಲೆ ನನ್ನ ಕುಂಕುಮದ ಬೊಟ್ಟು ಕೆಂಪಗೆ ಹೊಳೆಯುತ್ತಿತ್ತು. ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಕಾಕಾ ಹೆಬ್ಬೆರಳಿನಿಂದ ಬೊಟ್ಟನ್ನು ಒರೆಸಿ ತಗಡು ಮುಚ್ಚಿದರು.

ಸಂಜೆ ಬನ್ನಿ ಹಿಡಿದು ನಾನೇ ಬೈರಿದೇವರಕೊಪ್ಪಕ್ಕೆ ಹೋದೆ. ಕಾಕಾ ಜೊತೆಗೆ ಬಂದರು. ಕಿರಿಯರು ಹಿರಿಯರಿಗೆ ಕೊಡುವುದು ರೂಢಿ. ಅಂದು ಹಿರಿಯಳಾದ ನಾನೇ ಕೊಟ್ಟೆ, ತಪ್ಪಾಯಿತು ಎಂದೆ. ಹೇಗೆ ಆಯಿತು ಎಂದು ತಮ್ಮ ಕೇಳಿದಾಗ ಮಾತ್ರ, ಕರೆಂಟು ಹೋಗಿ ಬಂದು ಹಾಗಾಗಿತ್ತು ಎಂದುಬಿಟ್ಟೆ. ಹೊರಡುವಾಗ ಕಾಕಾ ತಮ್ಮನ ಹೆಗಲ ಮೇಲೆ ಕೈ ಹಾಕಿ ರಸ್ತೆಯವರೆಗೆ ಕರೆದುಕೊಂಡು ಹೋಗಿ ಏನೋ ಮಾತಾಡಿದರು.

ಆಮೇಲೆ ತಮ್ಮನ ಕೈಕೆಲಸ ಊರೆಲ್ಲ ಹಬ್ಬಿತು. ನಾನು ಅಂಗಡಿ ಮುಚ್ಚಿದೆ. ಕಾಕಾ ಯಾವಾಗ ಎಲ್ಲಿ ಸಿಕ್ಕರೂ ಕೇಳುತ್ತಿದ್ದದ್ದು ಒಂದೇ ಮಾತು. "ತಮ್ಮನ ಕೂಡ ಮಾತಾಡಿದ್ರೇನ್ರಿ?" ನಿನ್ನೆಯೇ ಮಾತಾಡಿದೆ ಎನ್ನುತ್ತಿದ್ದೆ. ಅಕ್ಕತಮ್ಮ ಚೆನ್ನಾಗಿರಲಿ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ... ಕಾಕಾ ತೀರಿಕೊಂಡು ಮೂರು ವರ್ಷವಾಯಿತು.

ಗಬ್ಬೂರಿನಿಂದ ಆ ದಿನ ಮನೆಗೆ ಹೋಗದೆ ನೇರ ತಮ್ಮನಲ್ಲಿಗೆ ಹೋದೆ. ಸೆಲ್ ಕಿತ್ತವಳು ನಾನೇ ಎಂದು ಹೇಳಿದೆ. ಹೇಳುವಾಗ ಅಳು ಬಂತು. ಅವನು ನಕ್ಕ.

"ಗೊತ್ತೈತಿ ಅಕ್ಕಾ. ಅವತ್ತs ಕಾಕಾ ಹೇಳಿದ್ರು, ನಿನ್ನ ಕೆಲಸದಾಗ ತಪ್ಪಿಲ್ಲ ಅಂತ. ನಿಮ್ಮಕ್ಕ ತಾನಾಗೇ ಹೇಳೂತನಕ ಏನೂ ಕೇಳಬ್ಯಾಡ ಅಂದಿದ್ರು."

ಕಾಕಾ ಅಷ್ಟು ವರ್ಷ ಏನನ್ನು ಕೇಳುತ್ತಿದ್ದರೆಂದು ಆಗ ತಿಳಿಯಿತು. ಈಗ ಹೂಂ ಕಾಕಾ, ಮಾತಾಡಿದೆ ಎನ್ನಬಹುದು. ಕೇಳುವವರು ಇಲ್ಲ.